ಹೊಲ ಕಾಯೋ ನಾಯಿಯ ಸೂಜಿ: ಅದರ ಹಿಂದಿನ ಕಥೆ

ಈ ಸಲ ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಪೇಟೆಯಲ್ಲಿ ಈಗ ಸಾಕಿದ ನಾಯಿಗೂ ಇನ್ಶೂರೆನ್ಸ್ ಮಾಡಿಸ್ತಾರೆ. ನಮ್ಮ ಕಡೆ ವಿಮೆ ಅಂದ್ರೆ ಹಸುವಿಗೆ. ಕಿವಿಗೆ ಓಲೆ ಹಾಕ್ಸಿ, ಫೋಟೋ ತೆಗೆಸಿ, ಡಾಕ್ಟರ ಸಹಿ ಹಾಕಿಸಿ ಮಾಡಿಸ್ತೀವಿ. ರಾತ್ರಿ ಹಂದಿ ಬಂದ್ರೆ ಬೊಗಳಿ ಎಬ್ಬಿಸೋ ನಾಯಿಗೆ ಯಾರೂ ಬೆಲೆ ಕಟ್ಟಿಲ್ಲ. ಉಳಿದ ಮುದ್ದೆ, ಒಂದಿಷ್ಟು ಮಜ್ಜಿಗೆ ಹಾಕಿದ್ರೆ ಅದರ ಲೆಕ್ಕ ಮುಗೀತು. ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂದ್ರೆ "ನಾಯಿಗಾ?" ಅಂತ ನಗ್ತಾರೆ. ಆದರೆ ವರ್ಷಕ್ಕೊಂದು ಸಲ ಅದಕ್ಕೆ ಹಾಕಿಸೋ ಹುಚ್ಚುನಾಯಿ ರೋಗದ ಲಸಿಕೆ ನಮ್ಮ ಮಕ್ಕಳಿಗೆ, ಕೊಟ್ಟಿಗೆಗೆ ಇರೋ ಅತಿ ಅಗ್ಗದ ವಿಮೆ. ಇದು ಅರ್ಥ ಆಗೋಕೆ ಜಗತ್ತಿಗೆ ಬಹಳ ಕಾಲ ಬೇಕಾಯ್ತು.

ಮೊದಲು ಹುಚ್ಚುನಾಯಿ ಕಚ್ಚಿದ್ರೆ ಮದ್ದೇ ಇರಲಿಲ್ಲ. ಯುರೋಪಿನಲ್ಲಿ ಕಾದ ಕಬ್ಬಿಣದಿಂದ ಗಾಯ ಸುಡ್ತಿದ್ರು. ನಮ್ಮಲ್ಲಿ ಖಾರದ ಪುಡಿ, ಸುಣ್ಣ, ಎಕ್ಕದ ಹಾಲು ಹಚ್ಚೋದು ಇನ್ನೂ ಪೂರ್ತಿ ನಿಂತಿಲ್ಲ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಅನ್ನೋ 9 ವರ್ಷದ ಹುಡುಗನಿಗೆ ಮೊದಲ ಸಲ ಲಸಿಕೆ ಕೊಡಿಸಿದರು. ರೋಗ ಹತ್ತಿಸಿದ ಮೊಲದ ಬೆನ್ನುಹುರಿಯನ್ನ ಒಣಗಿಸಿ, ವಿಷದ ಬಲ ಕುಗ್ಗಿಸಿ ಮಾಡಿದ ಮದ್ದು ಅದು. ಹುಡುಗ ಉಳಿದುಕೊಂಡ.

ಆಗ ಭಾರತದಲ್ಲಿ ನಾಯಿ ಕಚ್ಚಿಸಿಕೊಂಡ ಬ್ರಿಟಿಷ್ ಸೈನಿಕರನ್ನ ಹಡಗು ಹತ್ತಿಸಿ ಪ್ಯಾರಿಸ್ಸಿಗೆ ಕಳಿಸ್ತಿದ್ರು. ಬಡ ರೈತನಿಗೆ ಹಡಗು ಎಲ್ಲಿಂದ ಬರಬೇಕು? 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕೂನೂರಿನದು ನಮಗೆ ಹತ್ತಿರದ್ದು. ಅದಕ್ಕೆ ದುಡ್ಡು ಬಂದದ್ದು ಹೆನ್ರಿ ಫಿಪ್ಸ್ ಅನ್ನೋ ಅಮೆರಿಕದ ಸಾಹುಕಾರ ವೈಸ್‌ರಾಯ್ ಕರ್ಜನ್‌ಗೆ ಕೊಟ್ಟ ದೇಣಿಗೆಯಿಂದ. ಅದೇ ದೇಣಿಗೆಯ ಇನ್ನೊಂದು ಪಾಲಿನಲ್ಲಿ 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಎದ್ದಿತು. ಬೀಜದ ಅಂಗಡಿಯಲ್ಲಿ ನಾವು ಕೇಳೋ "ಪೂಸಾ" ತಳಿಗಳ ಹೆಸರಿನ ಮೂಲ ಅದೇ ಊರು.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಕುರಿಯ ಮೆದುಳಿನಿಂದ ಲಸಿಕೆ ಮಾಡೋ ವಿಧಾನ ತಂದರು. ಹೊಕ್ಕಳ ಸುತ್ತ 14 ಇಂಜೆಕ್ಷನ್ ಅಂತ ನಮ್ಮ ವಯಸ್ಸಿನವರಿಗೆಲ್ಲ ನೆನಪಿರೋದು ಇದೇ. ಲಕ್ಷಾಂತರ ಜನರಿಗೆ ಅದೇ ಆಸರೆ ಆಗಿತ್ತು. ಆದರೆ ಅದರಲ್ಲಿ ಮೆದುಳಿನ ಅಂಶ ಇದ್ದದ್ದರಿಂದ ಕೆಲವರಿಗೆ ಲಕ್ವ ಹೊಡೀತಿತ್ತು. ಎಷ್ಟೋ ಜನ ನೋವಿಗೆ ಹೆದರಿ ಅರ್ಧಕ್ಕೇ ಬಿಡ್ತಿದ್ರು. 2004ರ ಕೊನೆಗೆ ದೇಶದಲ್ಲಿ ಅದರ ತಯಾರಿಕೆ ನಿಲ್ಲಿಸಿದರು. ಈಗಿನದು ತೋಳಿಗೆ ನಾಲ್ಕೋ ಐದೋ ಸೂಜಿ ಅಷ್ಟೆ.

ಇಷ್ಟೆಲ್ಲ ಕಚ್ಚಿದ ಮೇಲಿನ ಮಾತಾಯ್ತು. ಜಪಾನಿನವರು ಬೇರೆ ದಾರಿ ಹಿಡಿದರು. ಉಮೆನೊ, ದೋಯಿ ಅನ್ನೋ ಇಬ್ಬರು 1921ರ ಹೊತ್ತಿಗೇ ನಾಯಿಗೆ ಹಾಕೋ ಲಸಿಕೆ ಸಿದ್ಧ ಮಾಡಿದ್ರು. 1950ರಲ್ಲಿ ಕಾನೂನು ತಂದು, ನಾಯಿಗಳ ನೋಂದಣಿ ಮತ್ತು ಲಸಿಕೆ ಕಡ್ಡಾಯ ಮಾಡಿದರು. ಏಳೇ ವರ್ಷಕ್ಕೆ, 1957ರಲ್ಲಿ, ಅವರ ನೆಲದಲ್ಲಿ ರೋಗ ಕೊನೆಯಾಯ್ತು. ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಜಪಾನ್ ದೂರ ಆಯ್ತು ಅನ್ನೋರಿಗೆ ಪಕ್ಕದ ಗೋವಾ ಇದೆ. ಅಲ್ಲಿ ಮನೆ ನಾಯಿ, ಬೀದಿ ನಾಯಿ ಅನ್ನದೆ ಊರೂರಿಗೆ ಹೋಗಿ ಹಾಕಿದ್ರು. 2021ರಲ್ಲಿ ಆ ರಾಜ್ಯವನ್ನ ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದರು. ನಾಯಿಯಿಂದ ಬರೋ ಈ ರೋಗವನ್ನ 2030ರೊಳಗೆ ದೇಶದಿಂದಲೇ ಕಳೀಬೇಕು ಅಂತ ಕೇಂದ್ರ ಸರ್ಕಾರದ ಯೋಜನೆಯೂ ಅದೇ ವರ್ಷ ಬಂತು.

ಈಗ ನಮ್ಮ ಕೆಲಸಕ್ಕೆ ಬರೋಣ. ಮರಿಗೆ 3 ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಡಾಕ್ಟರು ಹೇಳಿದ ದಿನಕ್ಕೆ ಇನ್ನೊಂದು, ಮುಂದೆ ವರ್ಷವರ್ಷ. ನಾಯಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ. ಬರೀ ಮುದ್ದೆ ಸಾಲದು, ಆಗಾಗ ಮೊಟ್ಟೆನೋ ಮಾಂಸದ ಚೂರೋ ಇರಲಿ. ಬೇಯಿಸಿದ ಕೋಳಿ ಮೂಳೆ ಬೇಡ, ಅದು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತೆ. ಹೊಟ್ಟೆ ತುಂಬಿದ ನಾಯಿ ಊರೆಲ್ಲ ಅಲೆದು ಕಚ್ಚಾಡೋದು ಕಮ್ಮಿ.

ಇನ್ನೊಂದು ಮುಖ್ಯ ವಿಷಯ. ಹಸು ಜೊಲ್ಲು ಸುರಿಸ್ತಾ, ಮೇವು ನುಂಗಲಾರದೆ, ವಿಚಿತ್ರವಾಗಿ ಕೂಗ್ತಾ ಇದ್ರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು, ಜೊಲ್ಲಿನಿಂದ ನಮಗೂ ಹತ್ತುತ್ತೆ. ಮೊದಲು ಪಶುವೈದ್ಯರನ್ನ ಕರೆಸಿ. ಅದರ ಹಸಿ ಹಾಲನ್ನ ಯಾರಿಗೂ ಕೊಡಬೇಡಿ.

ಮನುಷ್ಯರಿಗೆ ಕಚ್ಚಿದ್ರೆ, ಪರಚಿದ್ರೂ ಸರಿ, ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ರೆ ಸೂಜಿ ಜೊತೆಗೆ ಸೀರಮ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಂಡ ಮೇಲೆ ಯಾವ ದೊಡ್ಡಾಸ್ಪತ್ರೆಯೂ ಉಳಿಸೋದು ಕಷ್ಟ.

ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28. ಆ ದಿನವನ್ನೇ ವಿಶ್ವ ರೇಬೀಸ್ ದಿನ ಅಂತ ಮಾಡ್ತಾರೆ. ಆ ಸಮಯಕ್ಕೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ಇರುತ್ತೆ. ನಿಮ್ಮೂರಿಂದ ಹತ್ತು ಜನ ಸೇರಿ ಒಂದು ಟೆಂಪೋ ಮಾಡ್ಕೊಳ್ಳಿ. ಜಾಗ ಮಿಕ್ಕಿದ್ರೆ ಯಾರೂ ಸಾಕದ ಆ ಬೀದಿ ನಾಯೀನೂ ಹತ್ತಿಸ್ಕೊಳ್ಳಿ.