ಔಡಲ ಎಣ್ಣೆ ಬಿಟ್ಟ ವಿಮಾನ

ಪೋತ್ನಾಳದ ಕಾಲುವೆ ಗದ್ದೆಗಳಲ್ಲಿ ಈಗ ಡ್ರೋನೂ ‘ಎಣ್ಣಿ ಹೊಡೆಯುತ್ತದೆ’, ಅಂದರೆ ಔಷಧಿ ಸಿಂಪಡಿಸುತ್ತದೆ. ಭತ್ತದ ಮೇಲೆ ಅದು ಹಾಯುವುದನ್ನು ನೋಡಲು ಮಾನ್ವಿ–ಸಿಂಧನೂರು ರಸ್ತೆಯಲ್ಲಿ ಬೈಕು ನಿಲ್ಲಿಸುವವರಿದ್ದಾರೆ. ಹಾರಿಸುವವರಿಗೆ ಕೊಟ್ಟಿದ್ದ ತರಬೇತಿ ಪುಸ್ತಿಕೆಯೊಂದು ನನ್ನ ಕೈಗೆ ಬಂತು. ಅದರ ಪ್ರಕಾರ ಈ ವಿದ್ಯೆಯ ಚರಿತ್ರೆ ಶುರುವಾಗುವುದು 2021ರ ಡ್ರೋನ್ ನಿಯಮಗಳಿಂದ. ಮೋಟಾರು, ಬ್ಯಾಟರಿ, ಪ್ರೊಪೆಲ್ಲರುಗಳನ್ನು ಒಂದಕ್ಕೊಂದು ಹೊಂದಿಸುವ ಲೆಕ್ಕವನ್ನು ಬಾಲ್ಸಾ ಕಟ್ಟಿಗೆಯ ಮಾದರಿ ವಿಮಾನಗಳ ಮೇಲೆ ಕಲಿತವರ ಸುದ್ದಿಯೇ ಅದರಲ್ಲಿಲ್ಲ. ಆ ಗುಂಪಿನವನೇ ಆದ ನಾನು ಬರೆಯುವಾಗ ಪಕ್ಷಪಾತ ಇದ್ದೇ ಇರುತ್ತದೆ, ಓದುವವರು ಅದನ್ನು ಕಳೆದು ಓದಲಿ.

ವಿದ್ಯುತ್ ಹಾರಾಟದ ಮೊದಲ ಹೆಜ್ಜೆಗಳು ಯುರೋಪಿನವು. 1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ತಮ್ಮ ‘ರೇಡಿಯೊ ಕ್ವೀನ್’ ಮಾದರಿಯನ್ನು ಬೆಳ್ಳಿ–ಸತುವಿನ ಬ್ಯಾಟರಿಯಿಂದ ಹಾರಿಸಿದರು. ಜರ್ಮನಿಯ ಗ್ರಾಪ್ನರ್ ಕಂಪನಿಗಾಗಿ ಫ್ರೆಡ್ ಮಿಲಿಟ್ಕಿ ವಿದ್ಯುತ್ ಮಾದರಿಗಳನ್ನು ರೂಪಿಸಿದರು. ಆಮೇಲೆ 1973ರ ಅಕ್ಟೋಬರಿನಲ್ಲಿ ಅವರದೇ ಯೋಜನೆಯಂತೆ ಆಸ್ಟ್ರಿಯಾದಲ್ಲಿ ಒಂದು ಮೋಟಾರು ಗ್ಲೈಡರು ಮನುಷ್ಯನನ್ನೇ ಹೊತ್ತು ಬ್ಯಾಟರಿ ಬಲದಿಂದ ಹಾರಿತು. ಆಟಿಕೆಯವರು ದೊಡ್ಡವರಿಗೆ ದಾರಿ ತೋರಿಸಿದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ.

ನಮ್ಮ ಕಡೆ ಆಗ ಮಾದರಿ ವಿಮಾನವೆಂದರೆ ಎಣ್ಣೆ ಎಂಜಿನ್ನೇ. ಎಚ್‌ಎಎಲ್, ಎನ್‌ಎಎಲ್, ಜಕ್ಕೂರಿನ ವಿಮಾನ ಮೈದಾನ ಇವೆಲ್ಲ ಇದ್ದ ಬೆಂಗಳೂರಿಗೆ ಈ ಹುಚ್ಚು ಸಹಜವಾಗಿ ಅಂಟಿತ್ತು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಪಾಠವೇ ಇತ್ತು. ಮೆಥನಾಲಿಗೆ ಔಡಲ ಎಣ್ಣೆ ಬೆರೆಸಿದ ಇಂಧನದ ವಾಸನೆ ಅಂಗಿ ಒಗೆದರೂ ಹೋಗುತ್ತಿರಲಿಲ್ಲ. ರಾಯಚೂರು ಸೀಮೆಯ ಹುಡುಗನಿಗೆ ಆ ಎಣ್ಣೆಯೊಂದೇ ಪರಿಚಿತ, ಉಳಿದದ್ದೆಲ್ಲ ದುಬಾರಿ.

ಎಣ್ಣೆಯ ವಿಮಾನವನ್ನು ವಿದ್ಯುತ್ತಿಗೆ ತಿರುಗಿಸುವ ಮೊದಲ ಪ್ರಯತ್ನಗಳು ನಗೆಪಾಟಲು. ನಿಕಲ್–ಕ್ಯಾಡ್ಮಿಯಂ ಸೆಲ್ಲು ಏಳು ಕೂಡಿಸಿದರೆ 8.4 ವೋಲ್ಟ್. ಕಾರ್ಬನ್ ಬ್ರಷ್ಷಿನ ಮೋಟಾರು ಅದರಲ್ಲಿ ಅರ್ಧದಷ್ಟನ್ನು ಬಿಸಿ ಮಾಡಿಯೇ ಕಳೆಯುತ್ತಿತ್ತು. ವಿಮಾನ ನೆಲ ಬಿಡುವುದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ಓಡುತ್ತಿತ್ತು. ಹಿರಿಯರು ‘ಮಿಕ್ಸರ್ ಹಾರಿಸ್ತಿದೀರೇನಪ್ಪಾ’ ಎಂದು ಕೇಳಿದ್ದು ತಪ್ಪಲ್ಲ.

ಬದಲಾವಣೆ ಬಂದದ್ದು 2000ದ ನಂತರ, ನಮ್ಮ ಕಾಲದಲ್ಲಿ. ಲಿಥಿಯಂ ಪಾಲಿಮರ್ (ಲಿಪೊ) ಬ್ಯಾಟರಿ ಅದೇ ತೂಕಕ್ಕೆ ಸುಮಾರು ಮೂರು ಪಟ್ಟು ಶಕ್ತಿ ತಂದಿತು. ಬ್ರಷ್ ಇಲ್ಲದ ಮೋಟಾರು ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ಲೋಕದ ಬೇರೆ ಕಡೆಯ ಹವ್ಯಾಸಿಗಳಂತೆ ನಾವೂ ಕೆಟ್ಟ ಸಿಡಿ ಡ್ರೈವ್‌ಗಳನ್ನು ಬಿಚ್ಚಿದೆವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವಕ್ಕೆ ಬರವಿರಲಿಲ್ಲ. ಒಳಗಿನ ಪುಟ್ಟ ಮೋಟಾರಿನ ತೆಳು ತಂತಿ ಕಿತ್ತು ದಪ್ಪ ತಾಮ್ರ ಸುತ್ತಿ, ನಿಯೋಡಿಮಿಯಂ ಆಯಸ್ಕಾಂತ ಅಂಟಿಸಿದರೆ ಸಣ್ಣ ವಿಮಾನ ಎದ್ದೇಳುತ್ತಿತ್ತು. ತಂತಿಯ ಸುತ್ತು ಕಡಿಮೆಯಾದರೆ ವೇಗ ಹೆಚ್ಚು, ಕರೆಂಟೂ ಹೆಚ್ಚು. ಇದನ್ನು ಬೆರಳು ಸುಟ್ಟುಕೊಂಡು ಕಲಿತವನು ಮರೆಯುವುದಿಲ್ಲ.

ದೊಡ್ಡ ಪರೀಕ್ಷೆ ಎಂದರೆ ‘40 ಸೈಜಿ’ನ ಟ್ರೇನರ್ ಕಿಟ್. 6.5 ಸಿಸಿ ಎಂಜಿನ್ನಿಗೆಂದು ಮಾಡಿದ, ಸುಮಾರು ಎರಡೂವರೆ ಕಿಲೋ ತೂಗುವ ವಿಮಾನ. ಅದನ್ನು ವಿದ್ಯುತ್ತಿಗೆ ತಿರುಗಿಸಲು, ಕಿಲೋಗೆ 200 ವಾಟ್ ಹಿಡಿದರೆ, 500 ವಾಟ್ ಬೇಕು. ನಾಲ್ಕು ಸೆಲ್ಲಿನ 14.8 ವೋಲ್ಟಿನಲ್ಲಿ ಅದು ಸುಮಾರು 34 ಆಂಪ್ಸ್. ಹಾಗಾಗಿ ಸ್ಪೀಡ್ ಕಂಟ್ರೋಲರ್ 50 ಆಂಪ್ಸಿನದು, ಮೋಟಾರು ವೋಲ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುವಂಥದು, ಪ್ರೊಪೆಲ್ಲರ್ 12 ಇಂಚಿನದು. ಇಷ್ಟು ಕಾಗದದ ಮೇಲಿನ ಲೆಕ್ಕ. ಕೈಕೆಲಸ ಬೇರೆಯೇ. ಎಂಜಿನ್ನಿನ ನಡುಕ ತಾಳಲೆಂದು ಹಾಕಿದ್ದ ಪ್ಲೈವುಡ್ಡನ್ನು ಕೊರೆದು ಹಗುರ ಮಾಡಬೇಕು. ಬ್ಯಾಟರಿ ಹಾಕಿ ತೆಗೆಯಲು ಮುಚ್ಚಳ ಕತ್ತರಿಸಬೇಕು. ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ದೊಡ್ಡದಿರಬೇಕು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ತೂಕದ ಕೇಂದ್ರವನ್ನು ರೆಕ್ಕೆಯ ಅಗಲದ ಮುಂಭಾಗದ ಮೂರನೇ ಒಂದರೊಳಗೆ ತರಬೇಕು. ಎಣ್ಣೆ ಖಾಲಿಯಾದಂತೆ ಈ ಕೇಂದ್ರ ಜರುಗುತ್ತಿತ್ತು, ಬ್ಯಾಟರಿ ಮಾತ್ರ ಹೊರಟ ತೂಕದಲ್ಲೇ ಇಳಿಯುತ್ತದೆ. ನಾನು ಮೊದಲ ಸಲ ಮುಚ್ಚಳಕ್ಕೆ ಬರೀ ಟೇಪು ಹಚ್ಚಿ ಬಿಟ್ಟೆ. ಬ್ಯಾಟರಿ ವಿಮಾನಕ್ಕಿಂತ ಮೊದಲು ಇಳಿಯಿತು.

2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಪರವಾನಗಿಯ ರಗಳೆ ತಪ್ಪಿದ ಮೇಲೆ ಆ ಪಟ್ಟಿಯ ರೇಡಿಯೊಗಳು ಬಂದು, ಒಬ್ಬರ ರೇಡಿಯೊ ಇನ್ನೊಬ್ಬರ ವಿಮಾನ ಕೆಡವುವ ಕಾಟವೂ ಹೋಯಿತು. ನಂತರ ಬಂದವು ಡಬ್ಬಿ ತೆರೆದು ಹಾರಿಸುವ ಫೋಮ್ ವಿಮಾನಗಳು. ಅವುಗಳಿಂದ ಹಾರಿಸುವವರು ಹೆಚ್ಚಿದರು, ಕಟ್ಟುವವರು ಕಡಿಮೆಯಾದರು. ಕಟ್ಟುವ ಕೈಗಳಿಗೆ ಕೆಲಸ ಸಿಕ್ಕಿದ್ದು ಸಂಸ್ಥೆಗಳಲ್ಲಿ. ಎನ್‌ಎಎಲ್‌ನ ‘ಬ್ಲ್ಯಾಕ್ ಕೈಟ್’ ಮುಂತಾದ ಕಿರುವಿಮಾನಗಳಲ್ಲಿ ಇರುವುದೂ ಇದೇ ಮೋಟಾರು, ಇದೇ ಬ್ಯಾಟರಿಗಳ ಗಣಿತ.

ರಾಯಚೂರಿನ ಸರದಿಯೂ ಪುಸ್ತಿಕೆ ಹೇಳುವುದಕ್ಕಿಂತ ಮುಂಚಿನದು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಸಿಂಪಡಣೆ ಡ್ರೋನ್ ಕಟ್ಟಿ, ಶೇಂಗಾ ಮತ್ತು ಭತ್ತದ ಹೊಲಗಳಲ್ಲಿ ಪರೀಕ್ಷಿಸಿ 2017ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಆರು ಬ್ರಷ್‌ರಹಿತ ಮೋಟಾರು, ಆರಾರು ಸೆಲ್ಲಿನ ಎರಡು ಲಿಪೊ, ಐದು ಲೀಟರ್ ಟ್ಯಾಂಕು. ಬಿಡಿಭಾಗಗಳ ಆ ಪಟ್ಟಿ ಓದಿದಾಗ ನಮ್ಮ ಹಳೆಯ ಕೆಲಸದ ಮೇಜೇ ಕಣ್ಣಿಗೆ ಬಂತು. ಆದರೆ ಅಲ್ಲಿಂದ ಹೊಲದವರೆಗಿನ ದಾರಿಯಲ್ಲಿ ಲೆಕ್ಕ ಎಲ್ಲೋ ಉದುರಿದೆ. ವಿದ್ಯುತ್ ಮೋಟಾರು, ಲಿಪೊ ಬಗ್ಗೆ ಹೊಲದಲ್ಲಿ ಹಾರಿಸುವವನು ಕನ್ನಡದಲ್ಲಿ ಓದಿಕೊಳ್ಳುವಂಥ ಒಂದು ಪುಸ್ತಕ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮೋಟಾರು ಸುಟ್ಟರೆ ಸುತ್ತಿಕೊಡುವ ಕೈಗಳು ಮಾನ್ವಿಯಲ್ಲೂ ಇವೆ, ಬೋರ್‌ವೆಲ್ ಮೋಟಾರು ಸುತ್ತುವವರು. ಅವರನ್ನು ಈ ಕೆಲಸಕ್ಕೆ ಯಾರೂ ಕರೆದಿಲ್ಲ.

ಹೋದ ಬೇಸಿಗೆಯಲ್ಲಿ ಡ್ರೋನ್ ಹಾರಿಸುವ ಹುಡುಗನೊಬ್ಬ ತಲೆದಿಂಬಿನಂತೆ ಉಬ್ಬಿದ ಬ್ಯಾಟರಿ ತಂದ. ಪೂರ್ತಿ ಚಾರ್ಜ್ ಮಾಡಿ, ಹದಿನೈದು ದಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದನಂತೆ. ‘ಫುಲ್ ಇದ್ರ ಛಲೋ ಅಲ್ಲೇನ್ರಿ ಸರ?’ ಎಂದ. ಸುಮ್ಮನೆ ಇಡುವಾಗ ಸೆಲ್ಲಿಗೆ 3.8 ವೋಲ್ಟ್ ಇರಬೇಕು, 4.2 ಅಲ್ಲ ಎಂದೆ. ಅವನ ಚೀಲದಲ್ಲೂ ಅದೇ ಪುಸ್ತಿಕೆ ಇತ್ತು. ಇಬ್ಬರೂ ಹುಡುಕಿದೆವು. ಹಾರಾಟದ ಹಸಿರು, ಹಳದಿ, ಕೆಂಪು ವಲಯಗಳ ವಿವರವಿತ್ತು, ಬ್ಯಾಟರಿ ಎತ್ತಿಡುವ ಮಾತಿರಲಿಲ್ಲ. 3.8 ಎಂದು ಅದರ ರಟ್ಟಿನ ಮೇಲೆ ಪೆನ್ನಿನಿಂದ ಬರೆದುಕೊಂಡು ಹೋದ.