ಎಣ್ಣೆ ಕಿಟ್ಟುವ ಕೈಗೂ ಒಂದು ಚರಿತ್ರೆ ಇದ್ದು



ಈಗ ಯೇವ ಪೇಟೆಗೆ ಹೋದರೂ ಒಂದು ಮಸಾಜಿನ ಬೋರ್ಡು ಕಾಣ್ತು. ಅಭ್ಯಂಗ, ಸ್ವೀಡಿಷ್, ಥಾಯಿ, ಶಿಯಾಟ್ಸು, ಡೀಪ್ ಟಿಶ್ಯೂ, ಕೇರಳದ ಉಳಿಚ್ಚಿಲ್ ಹೇಳಿ ಹೋಟ್ಲಿನ ತಿಂಡಿ ಪಟ್ಟಿಯ ಹಾಂಗೆ ಸಾಲಾಗಿ ಬರದಿರ್ತವು. ನಮ್ಮ ಪ್ರಾಯಲ್ಲಿ ಮೊಳಪ್ಪು ಬೇನೆ, ಸೊಂಟ ಬೇನೆ ಇಲ್ಲದ್ದೋರು ಕಮ್ಮಿ. ಮಕ್ಕೊ ಪೈಸೆ ಕೊಟ್ಟು "ಒಂದಾರಿ ಹೋಗಿ ಬಾ ಅಮ್ಮಾ" ಹೇಳ್ತವು. ಹೋಪಲೆ ಅಡ್ಡಿ ಇಲ್ಲೆ. ಆದರೆ ಯೇವದಕ್ಕೆ? ಬಣ್ಣ ನೋಡಿ ಆರಿಸುಲೆ ಇದು ಸೀರೆ ಅಲ್ಲನ್ನೆ. ಒಂದೊಂದು ವಿಧಾನವೂ ಒಂದೊಂದು ಊರಿಲಿ, ಒಂದೊಂದು ನಮುನೆ ಮೈಗೆ ಬೇಕಾಗಿ ಹುಟ್ಟಿದ್ದು. ಆ ಕತೆ ಗೊಂತಿದ್ದರೆ ಆರಿಸುದು ಸುಲಭ ಹೇಳಿ ಎನಗೆ ಕಾಂಬದು. ಹಾಂಗಾಗಿ ಇಂದು ಅದನ್ನೇ ಬರೆತ್ತೆ.

ಮದಾಲು ನಮ್ಮ ಅಭ್ಯಂಗ. ಚರಕ ಸಂಹಿತೆಲಿ ಇದಕ್ಕೆ ಕೊಟ್ಟ ಹೋಲಿಕೆ ನವಗೆ ಬೇಗ ಅರ್ಥ ಅಪ್ಪ ಹಾಂಗಿಪ್ಪದು: ಎಣ್ಣೆ ಕುಡುದ ಮಣ್ಣಿನ ಅಳಗೆ, ಎಣ್ಣೆ ಹಾಕಿ ತಿಕ್ಕಿದ ಚರ್ಮ, ಎಣ್ಣೆ ಬಿಟ್ಟ ಗಾಡಿಯ ಅಚ್ಚು ಹೇಂಗೆ ಗಟ್ಟಿಯಾಗಿ ಬಾಳಿಕೆ ಬತ್ತೋ, ಮೈಯೂ ಹಾಂಗೇ ಹೇಳಿ. ವಾಗ್ಭಟನ ಅಷ್ಟಾಂಗ ಹೃದಯಲ್ಲಿ ಅಭ್ಯಂಗ ಬಪ್ಪದು ದಿನಚರಿಯ ಅಧ್ಯಾಯಲ್ಲಿ. ಹೇಳಿರೆ ಹಲ್ಲು ತಿಕ್ಕಿದ ಹಾಂಗೆ ನಿತ್ಯದ ಕೆಲಸ. ತಲೆ, ಕೆಮಿ, ಪಾದ – ಈ ಮೂರಕ್ಕೆ ಹೆಚ್ಚು ಗಮನ ಕೊಡೆಕ್ಕು. ಅಜೀರ್ಣ ಇಪ್ಪಗ ಮಾಡ್ಲಾಗ ಹೇಳಿಯೂ ಅಲ್ಲೇ ಇದ್ದು. ಹೊಸ ಜ್ವರಲ್ಲಿ ಮಾಡ್ಲಾಗ ಹೇಳಿ ಸುಶ್ರುತ. ನೋಡಿ, ಎಣ್ಣೆ ಎಷ್ಟು ಹಳತ್ತೋ, "ಇಂದು ಬೇಡ" ಹೇಳುವ ಬುದ್ಧಿಯೂ ಅಷ್ಟೇ ಹಳತ್ತು.

ಕಲ್ಯಾಣದ ಚಾಲುಕ್ಯ ರಾಜ 3ನೇ ಸೋಮೇಶ್ವರ 12ನೇ ಶತಮಾನಲ್ಲಿ ಸಂಸ್ಕೃತಲ್ಲಿ ಬರದ ಮಾನಸೋಲ್ಲಾಸಲ್ಲಿ ರಾಜನ ಸುಖಂಗಳ ವರ್ಣನೆ ಇದ್ದು. ಊಟ, ತಾಂಬೂಲ, ಸ್ನಾನದ ಸಾಲಿಲಿ ಪಾದಕ್ಕೆ ಎಣ್ಣೆ ಕಿಟ್ಟುಸುವ ಸುಖಕ್ಕೂ ಒಂದು ಜಾಗೆ. ಅರಮನೆಲಿ ಅದು ಭೋಗ, ನಮ್ಮ ಮನೆಗಳಲ್ಲಿ ಬಾಳಂತಿಯ, ಬಾಬೆಯ ಆರೈಕೆ. ಫ್ರಾನ್ಸಿನ ಡಾಕ್ಟ್ರು ಫ್ರೆಡರಿಕ್ ಲೆಬೊಯೆ, ಕಲ್ಕತ್ತಲ್ಲಿ ಶಾಂತಲಾ ಹೇಳ್ತ ಒಂದು ಅಮ್ಮ ಬಾಬೆಗೆ ಎಣ್ಣೆ ಕಿಟ್ಟುದರ ನೋಡಿ, 1976ರಲ್ಲಿ ಅದರ ಹೆಸರಿಲೇ ಒಂದು ಪುಸ್ತಕ ಮಾಡಿದವು. ಅಲ್ಯಾಣ ಅಮ್ಮಂದ್ರು ಅದರ ಓದಿ ಕಲ್ತವು. ನವಗೆ ಅದು ಬೆಶಿನೀರ ಹಂಡೆಯ ಬುಡಲ್ಲಿ ಸಿಕ್ಕಿದ ವಿದ್ಯೆ.

ಇನ್ನು ಉಳಿಚ್ಚಿಲ್. ಇದರ ಬೇರು ಕಳರಿಲಿ, ಕತ್ತಿ ಗುರಾಣಿ ಕಲಿವ ಜವ್ವನಿಗರ ಮೈ ಬಗ್ಗುಸುಲೆ. ಚವಿಟ್ಟಿ ಉಳಿಚ್ಚಿಲಿಲಿ ಶಿಷ್ಯ ನೆಲಲ್ಲಿ ಮನುಗುದು, ಗುರು ಮೇಲೆ ಕಟ್ಟಿದ ಬಳ್ಳಿ ಹಿಡ್ಕೊಂಡು ಕಾಲಿಲಿ ಮೆಟ್ಟಿ ತಿಕ್ಕುದು. ಕಥಕಳಿ ಕಲಿವ ಮಕ್ಕೊಗೂ ಮಳೆಗಾಲಲ್ಲಿ ಇದು ನಡೆತ್ತು. ವಳ್ಳತ್ತೋಳ್ ಕವಿ 1930ರಲ್ಲಿ ಕಟ್ಟಿದ ಕೇರಳ ಕಲಾಮಂಡಲಲ್ಲಿಯೂ ಕಲಿಕೆಯ ಒಂದು ಭಾಗವೇ ಇದು. ಎಳತ್ತು ಎಲುಬಿಂಗೆ, ದಿನಾ ಹಾರಿ ಕೊಣಿವ ಮೈಗೆ ಹೇಳಿಸಿದ್ದು. ಅರುವತ್ತು ಕಳುದು ಎಲುಬು ಸವದೋರಿಂಗೆ ಅಲ್ಲ.

ಥಾಯಿ ಮಸಾಜಿಲಿ ಎಣ್ಣೆ ಇಲ್ಲೆ. ವಸ್ತ್ರ ಹಾಕಿಗೊಂಡೇ ಚಾಪೆಲಿ ಮನುಗಿರೆ ಆತು, ಒತ್ತುತ್ತವು, ಎಳೆತ್ತವು, ಬಗ್ಗುಸುತ್ತವು. ಮದಲು ಗೆದ್ದೆಲಿ ಗೆಯ್ದು ಮೈಕೈ ಬೇನೆ ಆದ ಹಳ್ಳಿಯೋರು ಊರಿನ ಮಸಾಜುಗಾರರ ಹತ್ತರೆ ಹೋಗಿಗೊಂಡಿತ್ತಿದ್ದವು. 3ನೇ ರಾಮ ರಾಜನ ಕಾಲಲ್ಲಿ, 1830ರ ದಶಕಲ್ಲಿ, ಬ್ಯಾಂಕಾಕಿನ ವಾಟ್ ಫೋ ಬೌದ್ಧ ವಿಹಾರಲ್ಲಿ ಈ ವಿದ್ಯೆಯ ಚಿತ್ರಸಮೇತ ಕಲ್ಲಿಲಿ ಕೆತ್ತುಸಿದವು. ಬುದ್ಧನ ಕಾಲದ ವೈದ್ಯ ಜೀವಕನ ಅಲ್ಯಾಣೋರು ಈ ವಿದ್ಯೆಯ ಗುರು ಹೇಳಿ ನಂಬುತ್ತವು. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತ್ತು.

ಜಪಾನಿಲಿ ಮದಲು ಅನ್ಮ ಹೇಳಿ ಒಂದು ವಿಧಾನ ಇತ್ತು. ಎಷ್ಟೋ ಜೆನ ಕಣ್ಣು ಕಾಣದ್ದೋರಿಂಗೆ ಅದೇ ಜೀವನೋಪಾಯ. ಶಿಯಾಟ್ಸುವಿನ ಈಗಾಣ ರೂಪಲ್ಲಿ ಹಬ್ಬುಸಿದ್ದು ತೊಕುಜಿರೊ ನಮಿಕೊಶಿ. ಸಣ್ಣಾದಿಪ್ಪಗ ಅಮ್ಮನ ಗಂಟು ಬೇನೆಗೆ ಹೆಬ್ಬೆರಳಿಲಿ ಒತ್ತಿ ಒತ್ತಿ ಕಲ್ತದಡ. 1940ರಲ್ಲಿ ಟೋಕಿಯೋಲಿ ಶಾಲೆ ಸುರು ಮಾಡಿದವು. ಎಲ್ಲಿ ಬೇನೆ, ಎಷ್ಟು ತಡಗು ಹೇಳಿ ಬೆರಳಿಂದಲೇ ತಿಳ್ಕೊಂಬದು ಇದರ ಗುಣ.

ಸ್ವೀಡಿಷ್ ಮಸಾಜಿನ ಹೆಸರೇ ಒಂದು ತಮಾಷೆ. ಸ್ವೀಡನಿನ ಪೇರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿಲಿ ಕಟ್ಟಿದ್ದು ವ್ಯಾಯಾಮದ ಶಾಲೆ. ಈಗ ಆ ಹೆಸರಿಲಿ ಮಾಡುವ ನೇವರಿಸುದು, ಚಪಾತಿ ಹಿಟ್ಟಿನ ಹಾಂಗೆ ನಾದುದು, ತಟ್ಟುದು ಇದರ ಎಲ್ಲ ಕ್ರಮಲ್ಲಿ ಜೋಡುಸಿದ್ದು ಆಮ್‌ಸ್ಟರ್‌ಡ್ಯಾಮಿನ ಡಚ್ ಡಾಕ್ಟ್ರು ಮೆಜ್ಗರ್ ಹೇಳ್ತವು. ಮಾಡುವ ಕ್ರಮಕ್ಕೆ ಇಪ್ಪ ಹೆಸರುಗೊ ಫ್ರೆಂಚು! ಹಾಂಗಾಗಿ ಬೋರ್ಡಿನ ಹೆಸರಿಂಗೆ ಮರುಳಪ್ಪಲೆ ಇಲ್ಲೆ.

ಇಂಗ್ಲೆಂಡಿನ ಕತೆ ಮಾಂತ್ರ ನಾವು ಹೆಮ್ಮಕ್ಕೊ ಮರವಲಾಗ. 1894ರಲ್ಲಿ ಅಲ್ಯಾಣ ಡಾಕ್ಟ್ರಕ್ಕಳ ಪತ್ರಿಕೆ, ಬ್ರಿಟಿಷ್ ಮೆಡಿಕಲ್ ಜರ್ನಲ್, ಲಂಡನಿನ ಕೆಲವು ಮಸಾಜು ಮನೆಗಳಲ್ಲಿ ನಡವದು ಬೇರೆಯೇ ದಂಧೆ ಹೇಳಿ ಬರದತ್ತು. ಮರ್ಯಾದಿಲಿ ಈ ಕೆಲಸ ಮಾಡಿಗೊಂಡಿದ್ದ ನರ್ಸುಗೊಕ್ಕೂ ಕೆಟ್ಟ ಹೆಸರು ಬಪ್ಪ ಹಾಂಗಾತು. ಅವು ಕೆಲಸ ಬಿಟ್ಟು ಮನೆಲಿ ಕೂದವಿಲ್ಲೆ. ರೋಸಲಿಂಡ್ ಪೇಜೆಟ್, ಲೂಸಿ ರಾಬಿನ್ಸನ್ ಸೇರಿ ನಾಲ್ಕು ಜೆನ ಹೆಮ್ಮಕ್ಕೊ ಅದೇ ವರ್ಷ ತರಬೇತಿ ಆದೋರ ಒಂದು ಸಂಘ ಕಟ್ಟಿದವು. ಪರೀಕ್ಷೆ ಪಾಸಾಯೆಕ್ಕು, ಡಾಕ್ಟ್ರು ಹೇಳದ್ದೆ ಆರ ಮೈಗೂ ಕೈ ಹಾಕುಲಾಗ ಹೇಳಿ ನಿಯಮ ಮಾಡಿದವು. 1914ರ ಯುದ್ಧಲ್ಲಿ ಗಾಯ ಆದ ಸೈನಿಕರ ಕೈಕಾಲು ಸರಿ ಮಾಡ್ಲೆ ತರಬೇತಿ ಆದ ಮಸಾಜಿನ ಹೆಮ್ಮಕ್ಕೊ ಬೇಕಾದವು. 1920ರಲ್ಲಿ ಸಂಘಕ್ಕೆ ರಾಜನ ಮಾನ್ಯತೆ ಸಿಕ್ಕಿತ್ತು. 1944ರಲ್ಲಿ ಅದರ ಹೆಸರಿಂಗೆ "ಫಿಸಿಯೋಥೆರಪಿ" ಹೇಳುವ ಶಬ್ದ ಬಂತು. ಇಂದು ಆಸ್ಪತ್ರೆಲಿ ನಮ್ಮ ಮೊಳಪ್ಪಿಂಗೆ ವ್ಯಾಯಾಮ ಹೇಳಿಕೊಡುವ ಕೂಸಿನ ವಿದ್ಯೆಲಿ ಆ ನಾಲ್ಕು ಜೆನರ ಹಟವೂ ಸೇರಿಗೊಂಡಿದ್ದು.

ಅಂಬಗ ನಾವು ಆರಿಸುದು ಹೇಂಗೆ? ಮೈ ಒಣಗಿ ಬಿಗುದಿದ್ದರೆ, ಒರಕ್ಕು ಬಾರದ್ದರೆ ಎಣ್ಣೆಯ ಅಭ್ಯಂಗವೋ, ಹಗುರದ ಸ್ವೀಡಿಷೋ ಸಾಕು. ಕೂದು ಕೂದು ಬೆನ್ನು ಸೆಡದ, ಬೇರೆಂತ ಕಾಯಿಲೆ ಇಲ್ಲದ್ದ ಜವ್ವನದ ಸೊಸೆಕ್ಕೊಗೆ ಥಾಯಿ ಅಕ್ಕು. ಎಣ್ಣೆ ಇಷ್ಟ ಇಲ್ಲದ್ದೋರಿಂಗೆ, ವಸ್ತ್ರ ತೆಗವಲೆ ಮುಜುಗರ ಅಪ್ಪೋರಿಂಗೆ ಶಿಯಾಟ್ಸು. ಮೆಟ್ಟುದು, ಬಲವಾಗಿ ಎಳವದು, ಡೀಪ್ ಟಿಶ್ಯೂ ಹೇಳಿ ಮೊಣಗಂಟಿಲಿ ಒತ್ತುದು ಎಲುಬು ಸವದೋರಿಂಗೆ, ನೆತ್ತರು ತೆಳು ಮಾಡುವ ಮಾತ್ರೆ ತೆಕ್ಕೊಂಬೋರಿಂಗೆ ಬೇಡ. ಒಂದೇ ಕಾಲು ಬೀಗಿ ಬೆಶಿಯಾಗಿ ಬೇನೆ ಇದ್ದರೆ ತಿಕ್ಕುಸುಲೇ ಆಗ. ಒಳ ನೆತ್ತರು ಹೆಪ್ಪುಗಟ್ಟಿದ್ದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಕು, ಮದಾಲು ಡಾಕ್ಟ್ರ ಹತ್ತರೆ ಓಡೆಕ್ಕು. ಬಸರಿ ಆದರೆ ಡಾಕ್ಟ್ರ ಕೇಳಿಯೇ ಹೋಯೆಕ್ಕು. ಹಳೆ ಮೊಳಪ್ಪು ಬೇನೆಗೆ ಎಣ್ಣೆ ಸುಖ ಕೊಡುಗು, ಆದರೆ ನಡವ ಬಲ ಬಪ್ಪದು ಫಿಸಿಯೋಥೆರಪಿಯ ವ್ಯಾಯಾಮಂದ.

ನಮ್ಮ ನೆರೆಕರೆಯ ಒಂದು ಅಕ್ಕಂಗೆ ಸಕ್ಕರೆ ಕಾಯಿಲೆ. ಪಾದಲ್ಲಿ ಸ್ಪರ್ಶವೇ ಕಮ್ಮಿ. ಒಂದು ಕಡೆ ಬೆಶಿ ಮದ್ದಿನ ಗಂಟಿಲಿ ಶಾಖ ಕೊಟ್ಟವು. ಸುಟ್ಟದು ಅದಕ್ಕೆ ಗೊಂತೇ ಆಯಿದಿಲ್ಲೆ, ಮನೆಗೆ ಬಂದು ನೋಡುವಗ ಬೊಕ್ಕೆ. ಗುಣ ಅಪ್ಪಲೆ ಎರಡು ತಿಂಗಳು ಬೇಕಾತು. ಆ ಜಾಗೆಲಿ ಆರೂ "ಶುಗರ್ ಇದ್ದೋ" ಹೇಳಿ ಒಂದು ಮಾತು ಕೇಳಿದ್ದವಿಲ್ಲೆ.

ಎನ್ನ ಲೆಕ್ಕಲ್ಲಿ ಇದುವೇ ಪರೀಕ್ಷೆ. ಒಳ ಹೋದ ಕೂಡ್ಳೆ ಅವು ಕ್ರಯ ಹೇಳ್ತವೋ, ನಿಂಗಳ ಪ್ರಾಯ, ಕಾಯಿಲೆ, ಮಾತ್ರೆ ಕೇಳ್ತವೋ ನೋಡಿ. ಎಲ್ಲಿ ಕಲ್ತದು ಹೇಳಿ ನಿಂಗಳೂ ಕೇಳಿ. ಹೆಮ್ಮಕ್ಕೊಗೆ ಹೆಮ್ಮಕ್ಕಳೇ ಬೇಕು ಹೇಳ್ಲೆ ನಾಚಿಕೆ ಮಾಡೆಡಿ. ಬೇನೆ ಆದರೆ "ಸಾಕು, ನಿಲ್ಲುಸಿ" ಹೇಳುವ ಹಕ್ಕು ಮನುಗಿದೋರದ್ದು, ಪೈಸೆ ಕೊಟ್ಟಿದೆನ್ನೆ ಹೇಳಿ ಹಲ್ಲು ಕಚ್ಚಿ ತಡಕ್ಕೊಂಬದು ಬೇಡ.

ನಿಂಗಳ ಮನೆಲಿ ಬಾಳಂತಿಗೆ ಯೇವ ಎಣ್ಣೆ ಕಾಸಿಗೊಂಡಿದ್ದವು, ಅದಕ್ಕೆ ಎಂತೆಲ್ಲ ಹಾಕಿಗೊಂಡಿದ್ದವು? ಗೊಂತಿಪ್ಪ ಅತ್ತೆಕ್ಕೊ, ಅಜ್ಜಿಯಕ್ಕೊ ಇದ್ದರೆ ಈಗಳೇ ಕೇಳಿ ಬರದು ಮಡಿಕ್ಕೊಳ್ಳಿ. ಎನಗೂ ಹೇಳಿ.