ಬಣ್ಣದಡಿಯ ಕಿನ್ನಾಳ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ದೇವರ ಜಗಲಿಯ ಮೂಲೆಯಲ್ಲೋ ಮರದ ಗೊಂಬೆಯೊಂದು ಇರುವುದುಂಟು. ರೆಕ್ಕೆ ಕಳಚಿದ ಗರುಡ, ಸೊಂಡಿಲು ಬಿರಿದ ಗಣಪತಿ, ಮೈಬಣ್ಣ ಉದುರಿದ ಗೌರಿ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಅದರ ನೆನಪಾಗುತ್ತದೆ. ಬಾಗಿಲಿಗೆ ಹಚ್ಚಿ ಉಳಿದ ಎನಾಮಲ್ ಬಣ್ಣವನ್ನೇ ಅದಕ್ಕೂ ಬಳಿದರೆ ಗೊಂಬೆ ಹೊಸದರಂತೆ ಹೊಳೆಯುತ್ತದೆ. ಆದರೆ ಅದು ಯಾವ ಊರಿನದು, ಯಾವ ಪರಂಪರೆಯ ಕೈ ಅದನ್ನು ಮಾಡಿತು ಎಂಬ ಗುರುತು ಆ ಹೊಳಪಿನ ಕೆಳಗೆ ಮುಚ್ಚಿಹೋಗುತ್ತದೆ.

ಇಂಥ ಗೊಂಬೆಗಳಲ್ಲಿ ಅನೇಕವು ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಹುಟ್ಟಿದವು. ಅಲ್ಲಿನ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಮೂರ್ತಿ, ಗೊಂಬೆ, ದೇವರ ವಾಹನಗಳನ್ನು ಮಾಡುತ್ತ ಬಂದಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಿತ್ರಗಳೂ ಅಲ್ಲಿನ ಮರದ ತೇರಿನ ಕುಸುರಿಯೂ ತಮ್ಮ ಹಿರಿಯರ ಕೆಲಸವೆಂಬ ಮಾತು ಈ ಮನೆತನಗಳಲ್ಲಿದೆ. 1565ರ ಯುದ್ಧದ ನಂತರ ವಿಜಯನಗರ ಪಾಳುಬಿದ್ದಿತು; ಕಸುಬು ಮಾತ್ರ ಪಾಳುಬೀಳಲಿಲ್ಲ. ಮುಂದೆ ನವಾಬರ ಕಾಲದಲ್ಲೂ ಕಿನ್ನಾಳ ಕುಶಲ ಕೆಲಸದ ಹೆಸರುವಾಸಿ ಕೇಂದ್ರವಾಗಿತ್ತು. ಈಗ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಆದರೆ ಹಳೆಯ ಗೊಂಬೆಯ ಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಮಾಡಿದವನು ಹೆಸರು ಕೆತ್ತುವ ರೂಢಿಯೂ ಸಾಮಾನ್ಯವಾಗಿ ಇರಲಿಲ್ಲ. ಹಾಗಿದ್ದರೆ ಗುರುತಿಸುವುದು ಹೇಗೆ?

ಹಳೆಯ ಬಿಲಿಯರ್ಡ್ಸ್ ಕೋಲುಗಳನ್ನು ಸಂಗ್ರಹಿಸುವವರು ಕೋಲಿನ ಹೊಳಪಿಗೆ ಬೆಲೆ ಕಟ್ಟುವುದಿಲ್ಲ. ಹಿಡಿಯ ಕರಿಮರವೂ ಮೇಲಿನ ತಿಳಿಬಣ್ಣದ ಮರವೂ ಕೂಡಿದ ಜಾಗವನ್ನು ಮೊದಲು ನೋಡುತ್ತಾರೆ. ಕೆಲಸ ಕೈಯದೋ ಯಂತ್ರದ್ದೋ ಎಂಬುದು ಅಲ್ಲಿ ಬಯಲಾಗುತ್ತದೆ. ಮೇಲಿನ ಮೆರುಗನ್ನು ಯಾರಾದರೂ ಕೆರೆದು ಹೊಸದಾಗಿ ಹಚ್ಚಿದ್ದರೆ ಕೋಲಿನ ಬೆಲೆ ಇಳಿಯುವುದೂ ಉಂಟು. ಕಿನ್ನಾಳದ ಗೊಂಬೆಯಲ್ಲೂ ಗುಟ್ಟಿರುವುದು ಕೂಡಿಕೆಯಲ್ಲೇ.

ಕಿನ್ನಾಳದ ಮೂರ್ತಿಯನ್ನು ಒಂದೇ ದಿಮ್ಮಿಯಲ್ಲಿ ಕೆತ್ತುವುದಿಲ್ಲ. ಹಗುರವಾದ ಮೆದು ಮರದಲ್ಲಿ ಬಿಡಿಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗ, ಪೀಠದ ಮೇಲೆ ಕುಳಿತ ಗಣಪತಿಗೆ 22 ಭಾಗ ಎಂಬ ಲೆಕ್ಕವಿದೆ. ಜೋಡಿಸಲು ಹುಣಸೆ ಬೀಜದ ಅಂಟು ಮತ್ತು ಬೆಣಚುಕಲ್ಲಿನ ಪುಡಿ. ಅದರ ಮೇಲೆ ‘ಕಿಟ್ಟ’: ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಗೈದು, ಮರದ ಹೊಟ್ಟು ಹಾಗೂ ಹುಣಸೆ ಬೀಜದ ಅಂಟಿನೊಡನೆ ಕಲಸಿದ ಲೇಪ. ಕಿಟ್ಟದ ಮೇಲೆ ಹತ್ತಿಬಟ್ಟೆಯ ತುಂಡುಗಳು. ಬಟ್ಟೆಯ ಮೇಲೆ ಕಲ್ಲುಪುಡಿಯ ಲೇಪ. ಕೊನೆಗೆ ಬಣ್ಣ. ಸರ, ಡಾಬು, ಕಿರೀಟಗಳನ್ನು ಮರದಲ್ಲಿ ಕೆತ್ತುವ ಬದಲು ಕಲ್ಲುಪುಡಿ ಮತ್ತು ಅಂಟಿನ ಪಾಕದಿಂದ ಉಬ್ಬಾಗಿ ಮೂಡಿಸುತ್ತಾರೆ. ಚಿನ್ನ ಬೆಳ್ಳಿಯ ಮಿಂಚು ಬೇಕಾದಲ್ಲಿ ತವರವನ್ನು ಅಂಟಿನೊಡನೆ ನುಣ್ಣಗೆ ಅರೆದು ಹಚ್ಚಿ ಉಜ್ಜುತ್ತಾರೆ. ಇದಕ್ಕೆ ಲಾಜವಾರ ಎಂದು ಹೆಸರು.

ಹೀಗಾಗಿ ಗೊಂಬೆಯಲ್ಲಿ ಬಿರುಕು ಬಿಟ್ಟ ಜಾಗವೇ ಅದರ ಜಾತಕ. ಅಲ್ಲಿ ಬಣ್ಣ, ಬಿಳಿ ಲೇಪ, ಬಟ್ಟೆ, ಕಿಟ್ಟ, ಮರ ಎಂಬ ಪದರಗಳು ಕ್ರಮವಾಗಿ ಕಂಡರೆ ಕಿನ್ನಾಳದ ಪದ್ಧತಿಯ ಸುಳಿವು ಸಿಕ್ಕಂತೆ. ಚನ್ನಪಟ್ಟಣದ ಗೊಂಬೆ ಹೀಗಿರುವುದಿಲ್ಲ. ಅದನ್ನು ಚರಕಿಗೆ ಕೊಟ್ಟು ತಿರುವಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಂಧ್ರದ ಕೊಂಡಪಲ್ಲಿಯದನ್ನು ಬೇರೆ ಮಾಡುವುದು ಕಷ್ಟ. ಅಲ್ಲಿಯೂ ಹಗುರ ಮರ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಬಳಕೆಯಲ್ಲಿವೆ. ಆದ್ದರಿಂದ ಒಂದು ಲಕ್ಷಣ ನೋಡಿ ತೀರ್ಪು ಕೊಡುವಂತಿಲ್ಲ. ಮುಖದ ಬರಹ, ಒಡವೆಯ ಉಬ್ಬು, ಪದರಗಳ ಕ್ರಮ, ಗೊಂಬೆ ಮನೆಗೆ ಬಂದ ಬಗೆ ಎಲ್ಲವನ್ನೂ ಕೂಡಿಸಿ ನೋಡಬೇಕು.

ವಯಸ್ಸು ಹೇಳುವುದು ಇನ್ನೂ ನಾಜೂಕು. ಹಿಂದೆ ಬಣ್ಣಗಳನ್ನು ಖನಿಜ, ಸಸ್ಯ, ಕಾಡಿಗೆಗಳಿಂದ ಮಾಡಿಕೊಳ್ಳುತ್ತಿದ್ದರು. ಈಚೆಗೆ ಡಬ್ಬಿಯ ಬಣ್ಣ ಬಂದಿದೆ. ಆದರೆ ಮೇಲೆ ಡಬ್ಬಿಯ ಬಣ್ಣವಿದ್ದ ಮಾತ್ರಕ್ಕೆ ಗೊಂಬೆ ಹೊಸದೆನ್ನಲಾಗದು. ಎನಾಮಲ್ ಕೆಳಗೆ ಅಜ್ಜನ ಕಾಲದ ಬಣ್ಣ ಹಾಗೆಯೇ ಉಳಿದಿರಬಹುದು.

ದುರಸ್ತಿಯ ಪ್ರಶ್ನೆ ಏಳುವುದು ಇಲ್ಲಿಯೇ. ಎನಾಮಲ್ ತೆಗೆಯಲು ಹೋಗಿ ಕಾಸ್ಟಿಕ್ ಸೋಡಾ ಹಚ್ಚಿದರೆ ಕೆಳಗಿನ ಬಣ್ಣವೂ ಅಂಟೂ ಒಟ್ಟಿಗೆ ಹೋಗುತ್ತವೆ. ಹುಣಸೆ ಬೀಜದ ಅಂಟು ನೀರಿಗೆ ಮೆದುವಾಗುವಂಥದು. ಒದ್ದೆ ಬಟ್ಟೆಯಲ್ಲಿ ತಿಕ್ಕಿದರೂ ಲೇಪ ಸಡಿಲವಾಗುತ್ತದೆ, ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಮನೆಯವರು ಮಾಡಬಹುದಾದುದು ಇಷ್ಟೇ: ಮೆದು ಕುಂಚದಿಂದ ಒಣ ಧೂಳು ತೆಗೆಯುವುದು, ಉದುರಿದ ಚೂರುಗಳನ್ನು ಎಸೆಯದೆ ಕಾಗದದಲ್ಲಿ ಕಟ್ಟಿಡುವುದು, ಹುಳುವಿನ ತೂತಿನಿಂದ ಹೊಸ ಪುಡಿ ಬೀಳುತ್ತಿದೆಯೇ ಎಂದು ಗಮನಿಸುವುದು. ಬೀಳುತ್ತಿದ್ದರೆ ಹುಳು ಒಳಗೆ ಜೀವಂತವಿದೆ ಎಂದರ್ಥ. ಗೊಂಬೆಯನ್ನು ಬೇರೆ ಮರದ ಸಾಮಾನುಗಳಿಂದ ದೂರವಿಟ್ಟು ಬಲ್ಲವರಿಗೆ ತೋರಿಸಬೇಕು. ಕಳಚಿದ ರೆಕ್ಕೆಯನ್ನು ಪೇಟೆಯ ಗಟ್ಟಿ ಅಂಟಿನಿಂದ ಕೂಡಿಸುವುದೂ ಸಲ್ಲದು. ಇಂದಿನ ದುರಸ್ತಿಯನ್ನು ನಾಳೆ ಬಂದವರು ಮೂಲಕ್ಕೆ ಧಕ್ಕೆಯಾಗದಂತೆ ಬಿಡಿಸಲು ಬರಬೇಕು ಎಂಬುದು ಸಂರಕ್ಷಣಾ ಶಾಸ್ತ್ರದ ಮೊದಲ ಪಾಠ.

ಆದರೆ ವಸ್ತುಸಂಗ್ರಹಾಲಯದ ನಿಯಮ ಗುಡಿಗೆ ಪೂರ್ತಿ ಹೊಂದುವುದಿಲ್ಲ. ಉತ್ತರ ಕರ್ನಾಟಕದ ಗ್ರಾಮದೇವತೆಗಳ ಮರದ ಮೂರ್ತಿಗಳಿಗೆ ಜಾತ್ರೆಗೆ ಮುಂಚೆ ಬಣ್ಣ ಕೊಡುವುದು ಸಂಪ್ರದಾಯ. ಭಕ್ತರ ದೃಷ್ಟಿಯಲ್ಲಿ ಮಾಸಿದ ದೇವಿ ‘ಪ್ರಾಚೀನ ಕಲಾಕೃತಿ’ಯಲ್ಲ, ಮಕ್ಕಳು ಅಲಕ್ಷಿಸಿದ ತಾಯಿ. ಮುರಿದ ಮೂರ್ತಿಯನ್ನು ಪೂಜೆಯಲ್ಲಿಟ್ಟುಕೊಳ್ಳದೆ ನೀರಿಗೆ ಬಿಡುವ ನಂಬಿಕೆಯೂ ಇದೆ. ಹಳೆಯ ಮೂರ್ತಿಗಳು ವಿರಳವಾಗಲು ಅದೂ ಒಂದು ಕಾರಣ. ಹಾಗೆಂದು ಭಕ್ತರನ್ನು ದೂರುವುದು ನ್ಯಾಯವಲ್ಲ. ಪೂಜೆ ಇದ್ದುದರಿಂದಲೇ ಈ ಮೂರ್ತಿಗಳು ಹುಟ್ಟಿದವು. ಅವನ್ನು ಮತ್ತೆ ಮತ್ತೆ ನವೀಕರಿಸಬೇಕಾದುದರಿಂದಲೇ ಚಿತ್ರಗಾರರಿಗೆ ಕೆಲಸ ದೊರೆಯಿತು.

ಹಿಂದೆ ಈ ಎರಡು ದಾರಿಗಳ ನಡುವೆ ಜಗಳವಿರಲಿಲ್ಲ. ಮಾಡಿದ ಕಸುಬಿನವರೇ ರಿಪೇರಿಗೂ ಬರುತ್ತಿದ್ದರು. ಯಾವ ಲೇಪದ ಮೇಲೆ ಯಾವ ಲೇಪ ನಿಲ್ಲುತ್ತದೆ, ಹಳೆಯ ಬಣ್ಣವನ್ನು ಎಷ್ಟು ಉಳಿಸಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಮೂರ್ತಿ ಹೊಸದಾದರೂ ಅದರ ಮುಖ ಬದಲಾಗುತ್ತಿರಲಿಲ್ಲ. ಡಬ್ಬಿಯ ಬಣ್ಣ ಅಗ್ಗವಾಗಿ, ಬಳಿಯುವುದು ಯಾರಿಗೂ ಸಾಧ್ಯವಾದ ಮೇಲೆ ಆ ಕೊಂಡಿ ಕಳಚಿತು.

ಅಟ್ಟದ ಗರುಡನನ್ನು ಉಳಿಸಬೇಕೆನ್ನುವವರು ಬಣ್ಣದಂಗಡಿಗೆ ಹೋಗುವ ಮೊದಲು ಒಮ್ಮೆ ಕಿನ್ನಾಳಕ್ಕೆ ಹೋಗಿ ಬರುವುದು ಒಳ್ಳೆಯದು. ಕಿಟ್ಟ ಕಲಸಲು ಬಲ್ಲ ಕೈ ಅಲ್ಲಿ ಇರುವವರೆಗೆ ಮುರಿದ ರೆಕ್ಕೆಗೂ ಉಪಾಯವಿದೆ. ಆ ಕೈಗೆ ಕೆಲಸವಿಲ್ಲದಂತಾದರೆ ಗಾಜಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಗೊಂಬೆಯನ್ನೂ ಓದಿ ಹೇಳುವವರು ಉಳಿಯುವುದಿಲ್ಲ.